ಮೊದಲು ಕಲ್ಲಿನ ಲೆಕ್ಕ ಬರೆಯಿರಿ, ಆ್ಯಪ್ ಆಮೇಲೆ

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆ ಕುಕನೂರು ತಾಲೂಕಿನ ಒಂದು ಹಳ್ಳಿ. ದಯವಿಟ್ಟು ಊರಿನ ಹೆಸರು ಹಾಕಬೇಡಿ. ಊರ ಹೊರಗೆ ಕಲ್ಯಾಣ ಚಾಲುಕ್ಯರ ಕಾಲದ್ದು ಅನ್ನುವ ಒಂದು ಗುಡಿ ಇದೆ. ಅದರ ಗೋಡೆಯಲ್ಲಿ ಒಂದು ಶಾಸನ, ಸುತ್ತಮುತ್ತ ಏಳೆಂಟು ವೀರಗಲ್ಲು, ಗುಡ್ಡದ ಮೇಲೆ ಬಿದ್ದುಹೋದ ಕೋಟೆ. ಮಹಾದೇವ ಗುಡಿ ನೋಡಲು ಇಟಗಿಗೆ ಬಂದ ಜನ ನಮ್ಮೂರ ಕಡೆ ತಿರುಗಿಯೂ ನೋಡುವುದಿಲ್ಲ. ನಾವು ಆರು ಜನ ಗೆಳೆಯರು ಸೇರಿ ಎಲ್ಲವನ್ನೂ ತ್ರೀಡಿ ಮಾಡಿ, ಕ್ಯೂಆರ್ ಕೋಡ್ ಹಚ್ಚಿ ಪ್ರವಾಸಿಗರನ್ನು ಕರೆಸಬೇಕು ಅಂದುಕೊಂಡಿದ್ದೇವೆ. ಒಂದು ಕಂಪನಿಯವರು ಮೂರು ಲಕ್ಷ ಕೊಟ್ಟರೆ ವಿಆರ್ (ಕನ್ನಡಕ ಹಾಕಿ ನೋಡುವ ವರ್ಚುವಲ್ ರಿಯಾಲಿಟಿ) ಆ್ಯಪ್ ಮಾಡಿಕೊಡುತ್ತೇವೆ ಅಂದಿದ್ದಾರೆ, ಪಂಚಾಯ್ತಿಯವರು ಅರ್ಧ ಒಪ್ಪಿದ್ದಾರೆ. ಡ್ರೋನ್ ಬಾಡಿಗೆಗೆ ಸಿಗುತ್ತದೆ. ಇನ್ನೊಂದು ಕಡೆ, ಯುಗಾದಿಯೊಳಗೆ ಗುಡಿಗೆ ಬಣ್ಣ ಹೊಡೆಸುವ ಮಾತು ನಡೆದಿದೆ. ಎಲ್ಲಿಂದ ಶುರು ಮಾಡೋಣ? ಇದರಿಂದ ಗುಡಿ ನಿಜವಾಗಿ ಉಳಿಯುತ್ತದಾ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಹಿಡಿಯುತ್ತೇನೆ. ತ್ರೀಡಿ ಮಾಡಿದ ಮಾತ್ರಕ್ಕೆ ಗುಡಿ ಉಳಿಯುವುದಿಲ್ಲ. ಗೋಡೆಯ ಸಂದಿಯಲ್ಲಿ ಅರಳಿ ಸಸಿ ಹುಟ್ಟಿದ್ದರೆ, ಚಾವಣಿಯ ಚಪ್ಪಡಿ ಸರಿದು ನೀರು ಇಳಿಯುತ್ತಿದ್ದರೆ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಮಾಡೆಲ್ ಗಿರಗಿರ ತಿರುಗುವಾಗಲೂ ಅಲ್ಲಿ ಬೇರು ಇಳಿಯುತ್ತಲೇ ಇರುತ್ತದೆ. ಕೊಪ್ಪಳ ಸುತ್ತಿನ ಜಿಲ್ಲೆಗಳಲ್ಲಿ ಗುಡಿ, ಶಾಸನ, ಕೋಟೆ ಅಂತ ವರ್ಷಗಟ್ಟಲೆ ಕ್ಯಾಮೆರಾ ಹೊತ್ತು ತಿರುಗಿದವನು ನಾನು. ಮಾಡೆಲ್ ಚೆಂದ ಬಂತು ಅಂತ ಖುಷಿಪಟ್ಟು ಮನೆಗೆ ಬಂದು, ಎರಡು ಮಳೆಗಾಲ ಬಿಟ್ಟು ಹೋಗಿ ನೋಡಿದರೆ ಆ ಗೋಡೆಯೇ ಬಿದ್ದಿದ್ದನ್ನು ಕಂಡಿದ್ದೇನೆ.

ಹಾಗಂತ ಕೈಕಟ್ಟಿ ಕೂರಿ ಅನ್ನುತ್ತಿಲ್ಲ. ಡಿಜಿಟಲ್ ದಾಖಲೆಯ ಕೆಲಸ ಸಾಕ್ಷಿ ಹೇಳುವುದು. ಈ ಕಂಬ ಇಲ್ಲೇ ನಿಂತಿತ್ತು, ಇಷ್ಟು ಎತ್ತರ ಇತ್ತು, ಈ ಸಾಲಿನ ಅಕ್ಷರ ಆಗ ಓದಲು ಬರುತ್ತಿತ್ತು ಅಂತ ಹತ್ತು ವರ್ಷದ ಮೇಲೆ ಯಾರೋ ಕೇಳಿದಾಗ ಎದ್ದು ನಿಂತು ಹೇಳುವ ಸಾಕ್ಷಿ. ಇದೊಂದು ತಲೆಯಲ್ಲಿದ್ದರೆ ಸಾಕು, ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ ಅನ್ನುವುದು ಅರ್ಧ ತಾನಾಗಿಯೇ ತೀರ್ಮಾನ ಆಗುತ್ತದೆ.

ಹಂಪಿಯ ಕಲ್ಲಿನ ರಥ ಗೊತ್ತಲ್ಲ, ನಮ್ಮ 50 ರೂಪಾಯಿ ನೋಟಿನ ಮೇಲಿರುವುದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನುವ ಬ್ರಿಟಿಷ್ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್ ಇಟ್ಟುಕೊಂಡು ಹಂಪಿಯ ಫೋಟೋ ತೆಗೆದರು. ಆ ಫೋಟೋದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರ ಇದೆ. ಈಗಿನ ರಥ ನೋಡಿದವರಿಗೆ ಅಲ್ಲೊಂದು ಶಿಖರ ಇತ್ತು ಅನ್ನುವ ಸುಳಿವೂ ಸಿಗುವುದಿಲ್ಲ. 1983ರಲ್ಲಿ ಜಾನ್ ಗಾಲಿಂಗ್ಸ್ ಅನ್ನುವ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಬಂದು, ಗ್ರೀನ್‌ಲಾ ಎಲ್ಲೆಲ್ಲಿ ಕ್ಯಾಮೆರಾ ಇಟ್ಟಿದ್ದರೋ ಆ ಜಾಗಗಳನ್ನೇ ಹುಡುಕಿ, ಅಲ್ಲೇ ನಿಂತು, ಅದೇ ನೋಟವನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ 127 ವರ್ಷದಲ್ಲಿ ಏನು ಬಿತ್ತು, ಏನು ನಿಂತಿತು, ಎಲ್ಲಿ ಯಾರೋ ದುರಸ್ತಿ ಮಾಡಿದರು ಅನ್ನುವುದೆಲ್ಲ ಬಿಚ್ಚಿಕೊಳ್ಳುತ್ತದೆ. ತ್ರೀಡಿ ಇಲ್ಲ, ಡ್ರೋನ್ ಇಲ್ಲ, ಲೇಸರ್ ಇಲ್ಲ. ಒಂದೇ ಜಾಗದಲ್ಲಿ ಎರಡು ಸಲ ನಿಂತಿದ್ದಷ್ಟೇ. ನನ್ನ ಮಟ್ಟಿಗೆ ಇಡೀ ವಿದ್ಯೆಯ ಗುಟ್ಟು ಇಲ್ಲಿದೆ.

ಈಗ ನಿಮ್ಮೂರಿಗೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಚುಚ್ಚಿದ ಮಾತು ಯಾವುದು ಗೊತ್ತಾ? "ಏಳೆಂಟು ವೀರಗಲ್ಲು." ಏಳೋ, ಎಂಟೋ? ಮನೆಯಲ್ಲಿ ಎಷ್ಟು ಎಮ್ಮೆ ಅಂತ ಕೇಳಿದರೆ ಏಳೆಂಟು ಅನ್ನುತ್ತೀರಾ? ಬೈಯುತ್ತಿಲ್ಲ, ಎಲ್ಲಾ ಊರಲ್ಲೂ ಇದೇ ಉತ್ತರ ಬರುತ್ತದೆ. ಆದರೆ ಎಂಟರಲ್ಲಿ ಒಂದು ಕಲ್ಲು ರಾತ್ರೋರಾತ್ರಿ ಹೋದರೆ, ಎಂಟು ಇದ್ದವು ಅಂತ ಹೇಳಲು ನಿಮ್ಮ ಹತ್ತಿರ ಏನೂ ಇಲ್ಲ. ಹಾಗಾಗಿ ಮೊದಲ ವಾರ ಕಂಪ್ಯೂಟರ್ ಮುಟ್ಟಬೇಡಿ. 200 ಪುಟದ ಒಂದು ನೋಟ್‌ಬುಕ್, ಒಂದು ಅಳತೆ ಟೇಪು, ಒಬ್ಬರ ಫೋನು. ಪ್ರತಿ ಕಲ್ಲಿಗೂ ಒಂದು ನಂಬರು ಕೊಡಿ. ನಂಬರು ಇರಬೇಕಾದ್ದು ಪುಸ್ತಕದಲ್ಲಿ, ಪೇಂಟಿನಿಂದ ಕಲ್ಲಿನ ಮೇಲೆ ಬರೆಯಲು ಹೋಗಬೇಡಿ. ಎತ್ತರ, ಅಗಲ, ದಪ್ಪ, ಯಾವ ದಿಕ್ಕಿಗೆ ಮುಖ, ಯಾರ ಹೊಲದಲ್ಲಿದೆ, ಒಡೆದಿದೆಯಾ, ಮಣ್ಣಲ್ಲಿ ಎಷ್ಟು ಹೂತಿದೆ, ಇಷ್ಟು ಬರೆಯಿರಿ. ಬಟ್ಟೆ ಒಗೆಯುವ ಕಲ್ಲು, ಕೊಟ್ಟಿಗೆಯ ಮೆಟ್ಟಿಲು, ಬಾವಿಯ ಕಟ್ಟೆ ಇವನ್ನೂ ಒಮ್ಮೆ ಬಗ್ಗಿ ನೋಡಿ. ಒಂಬತ್ತನೆಯ ವೀರಗಲ್ಲು ಅಲ್ಲೇ ಸಿಕ್ಕರೆ ನನಗೆ ಆಶ್ಚರ್ಯ ಆಗುವುದಿಲ್ಲ.

ಇದೇನು ಹೊಸ ವಿದ್ಯೆ ಅಂದುಕೊಳ್ಳಬೇಡಿ. ರಾಯಚೂರು ಕೋಟೆಗೆ ಹೋದರೆ 1294ರ ಶಾಸನ ಇರುವ ಚಪ್ಪಡಿ ನೋಡಿ, 40 ಅಡಿಗಿಂತ ಜಾಸ್ತಿ ಉದ್ದದ ಒಂದೇ ಕಲ್ಲು. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೆ ಹೇರಿ, ಜಾನುವಾರು ಹೂಡಿ ಹೇಗೆ ಎಳೆದು ತಂದರು ಅನ್ನುವುದನ್ನು ಅಲ್ಲೇ ಗೋಡೆಯ ಮೇಲೆ ಚಿತ್ರ ಕೆತ್ತಿ ತೋರಿಸಿದ್ದಾರೆ. ಕೆಲಸ ಮಾಡಿದ್ದಷ್ಟೇ ಸಾಲದು, ಹೇಗೆ ಮಾಡಿದೆವು ಅನ್ನುವುದೂ ಉಳಿಯಬೇಕು ಅಂತ 700 ವರ್ಷದ ಹಿಂದೆಯೇ ಯಾರಿಗೋ ಅನಿಸಿತ್ತಲ್ಲ.

ಲೆಕ್ಕ ಆದ ಮೇಲೆ ಫೋಟೋ. ತ್ರೀಡಿ ಮಾಡುವ ವಿಧಾನಕ್ಕೆ ಫೋಟೋಗ್ರಾಮೆಟ್ರಿ ಅನ್ನುತ್ತಾರೆ. ಹೆಸರು ದೊಡ್ಡದು, ತತ್ವ ಸಣ್ಣದು. ಒಂದೇ ವಸ್ತುವನ್ನು ಬೇರೆಬೇರೆ ಕಡೆಯಿಂದ ತೆಗೆದ ಫೋಟೋಗಳಲ್ಲಿ ಒಂದೇ ಚುಕ್ಕೆ ಎಲ್ಲೆಲ್ಲಿ ಕಾಣುತ್ತದೆ ಅಂತ ಸಾಫ್ಟ್‌ವೇರ್ ಹೊಂದಿಸುತ್ತದೆ, ಅದರಿಂದ ಕ್ಯಾಮೆರಾ ಎಲ್ಲಿತ್ತು, ಚುಕ್ಕೆ ಎಷ್ಟು ದೂರ ಇತ್ತು ಅನ್ನುವುದನ್ನು ಲೆಕ್ಕ ಹಾಕುತ್ತದೆ. ನಮ್ಮ ಎರಡು ಕಣ್ಣು ಮಾಡುವುದೂ ಇದನ್ನೇ ಅಲ್ವಾ. ಇದಕ್ಕೆ ನಿಮ್ಮ ಜೇಬಿನಲ್ಲಿರುವ ಸಾಮಾನ್ಯ ಫೋನೇ ಸಾಕು. ಕೆಲವು ದುಬಾರಿ ಐಫೋನ್‌ಗಳಲ್ಲಿ ಲೇಸರ್‌ನಿಂದ ದೂರ ಅಳೆಯುವ ಲೈಡಾರ್ ಇರುತ್ತದೆ, ಅದು ಬೇಗ ಆಗುತ್ತದೆ ನಿಜ. ಆದರೆ ಅದರ ಅಳತೆ ಸುಮಾರು ಐದು ಮೀಟರ್ ಒಳಗೆ ಮಾತ್ರ, ಸಣ್ಣ ಕೆತ್ತನೆ ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ವೀರಗಲ್ಲಿನಲ್ಲಿ ವೀರನ ಕೈಯ ಕತ್ತಿಯೇ ಮಾಯ ಆದರೆ ಏನು ಬಂತು?

ಒಂದು ವೀರಗಲ್ಲಿಗೆ 60ರಿಂದ 80 ಫೋಟೋ ಬೇಕು. ಕಲ್ಲಿನ ಸುತ್ತ ಮೂರು ಸುತ್ತು ಹಾಕಿ. ಒಮ್ಮೆ ಮೊಣಕಾಲಿನ ಎತ್ತರಕ್ಕೆ ಫೋನ್ ಹಿಡಿದು, ಒಮ್ಮೆ ಎದೆಯ ಎತ್ತರಕ್ಕೆ, ಒಮ್ಮೆ ಕೈ ಮೇಲೆತ್ತಿ ಕೆಳಗೆ ನೋಡುವಂತೆ. ಒಂದು ಹೆಜ್ಜೆ, ಒಂದು ಫೋಟೋ. ಒಂದರಲ್ಲಿ ಕಂಡಿದ್ದರ ಮುಕ್ಕಾಲು ಭಾಗ ಮುಂದಿನದರಲ್ಲೂ ಕಾಣಬೇಕು. ಜೂಮ್ ಬೇಡ, ಫ್ಲ್ಯಾಶ್ ಬೇಡ, ಫೋನಿನ ಬ್ಯೂಟಿ ಮೋಡ್ ಅಂತೂ ಬೇಡವೇ ಬೇಡ. ವೀರಗಲ್ಲಿಗೆ ಮುಖ ಬೆಳ್ಳಗಾಗುವ ಅಗತ್ಯ ಇಲ್ಲ! ಪಕ್ಕದಲ್ಲಿ ಟೇಪನ್ನೋ ಒಂದು ಮೀಟರಿನ ಪಟ್ಟಿಯನ್ನೋ ಇಡುವುದು ಮರೆಯಬೇಡಿ. ಅದಿಲ್ಲದಿದ್ದರೆ ಮಾಡೆಲ್ ನೋಡಿದವರಿಗೆ ಕಲ್ಲು ಮೂರು ಅಡಿಯದೋ, ಹದಿಮೂರು ಅಡಿಯದೋ ತಿಳಿಯುವುದಿಲ್ಲ.

ಬಿಸಿಲಿನ ಮಾತು ಬೇರೆಯೇ ಹೇಳಬೇಕು. ನಮ್ಮ ಕಡೆಯ ಬಿಸಿಲು ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಹತ್ತು ಗಂಟೆಯ ಮೇಲೆ ಒಂದು ಕಡೆ ಕಣ್ಣು ಕುಕ್ಕುವ ಬೆಳಕು, ಇನ್ನೊಂದು ಕಡೆ ಕಪ್ಪು ನೆರಳು. ಆ ನೆರಳೂ ಮಾಡೆಲ್‌ಗೆ ಅಂಟಿಕೊಂಡು ಬಿಡುತ್ತದೆ. ಹೊತ್ತು ಹುಟ್ಟುವ ಮುಂಚೆ ಅಥವಾ ಮೋಡ ಇರುವ ದಿನ ತೆಗೆಯಿರಿ. ಶ್ರಾವಣದ ಮೋಡ ಇದಕ್ಕೆ ಚಿನ್ನ. ಇನ್ನೊಂದು ತೊಂದರೆ ಇಟಗಿಯಂಥ ಗುಡಿಗಳಲ್ಲಿ ಬರುತ್ತದೆ. 1112ರಲ್ಲಿ ಮಹಾದೇವ ದಂಡನಾಯಕ ಕಟ್ಟಿಸಿದ, ಶಾಸನದಲ್ಲೇ ದೇವಾಲಯ ಚಕ್ರವರ್ತಿ ಅನ್ನಿಸಿಕೊಂಡ ಆ ಗುಡಿಯ ಕಂಬಗಳನ್ನು ಮುಟ್ಟಿ ನೋಡಿದ್ದೀರಲ್ಲ, ಕನ್ನಡಿಯ ಹಾಗೆ ಹೊಳಪು. ಆ ಹೊಳಪೇ ಸಾಫ್ಟ್‌ವೇರ್‌ನ ದಾರಿ ತಪ್ಪಿಸುತ್ತದೆ. ನೀವು ಸರಿದ ಹಾಗೆ ಕಂಬದ ಮೇಲಿನ ಮಿಂಚೂ ಸರಿಯುತ್ತದೆ, ಅದನ್ನೇ ಕೆತ್ತನೆ ಅಂದುಕೊಂಡು ಮಾಡೆಲ್ ಗುಳಿ ಬೀಳುತ್ತದೆ. ನಿಮ್ಮ ಗುಡಿಯೂ ಅದೇ ಬಳಪದ ಕಲ್ಲಿನದಾದರೆ ಬಾಗಿಲಿಗೆ ಬಿಳಿ ಪಂಚೆ ಅಡ್ಡ ಕಟ್ಟಿ, ಬೆಳಕನ್ನು ಮೆತ್ತಗೆ ಮಾಡಿಕೊಂಡು ತೆಗೆಯಿರಿ. ನಾನು ಹೀಗೇ ಮಾಡುವುದು, ದುಬಾರಿ ಲೈಟಿಗಿಂತ ಚೆನ್ನಾಗಿ ಬರುತ್ತದೆ.

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೆಶ್‌ರೂಮ್ ಉಚಿತ, ಆದರೆ ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಕೇಳುತ್ತದೆ. ಕೈಯಲ್ಲಿ ಅಂಥದ್ದು ಇಲ್ಲದಿದ್ದರೆ ರಿಯಾಲಿಟಿಸ್ಕ್ಯಾನ್, ಪಾಲಿಕ್ಯಾಮ್ ತರಹದ ಫೋನ್ ಆ್ಯಪ್‌ನಲ್ಲಿ ಕಲಿಯಿರಿ. ಆದರೆ ಮೂಲ ಫೋಟೋಗಳನ್ನು ಮಾತ್ರ ಎಂದೂ ಅಳಿಸಬೇಡಿ. ಇವತ್ತಿನ ಮಾಡೆಲ್ ನಾಳೆಗೆ ಹಳೆಯದು. ಇವೇ ಫೋಟೋಗಳನ್ನು ಹತ್ತು ವರ್ಷದ ಮೇಲೆ ಬರುವ ಸಾಫ್ಟ್‌ವೇರ್‌ಗೆ ಕೊಟ್ಟರೆ ಇದಕ್ಕಿಂತ ಒಳ್ಳೆಯ ಮಾಡೆಲ್ ಬರುತ್ತದೆ.

ಶಾಸನಕ್ಕೆ ಬೇರೆ ಮರ್ಯಾದೆ ಬೇಕು. ದಯವಿಟ್ಟು ಅದರ ಮೇಲೆ ವಿಭೂತಿ, ಸುಣ್ಣ, ಮೈದಾ, ಸೀಮೆಸುಣ್ಣ ಏನನ್ನೂ ತಿಕ್ಕಬೇಡಿ. ಅಕ್ಷರ ಕಾಣುತ್ತದೆ ನಿಜ, ಜೊತೆಗೆ ಅಂಚೂ ಸವೆಯುತ್ತದೆ. ಕಬ್ಬಿಣದ ಬ್ರಷ್ ಹಿಡಿದು ಪಾಚಿ ಕೆರೆಯುವ ಉತ್ಸಾಹಿಗಳನ್ನಂತೂ ಗುಡಿಯ ಹತ್ತಿರವೇ ಬಿಡಬೇಡಿ. ಹಳೆಯ ದಾರಿ ಅಂದರೆ ಪಡಿಯಚ್ಚು, ಒದ್ದೆ ಕಾಗದ ಅಂಟಿಸಿ, ಬ್ರಷ್‌ನಿಂದ ತಟ್ಟಿ, ಮಸಿ ಹಚ್ಚಿ ತೆಗೆಯುವುದು. ಅದು ಕೈ ಪಳಗಿದವರ ಕೆಲಸ, ನೀವು ಪ್ರಯೋಗ ಮಾಡಲು ಹೋಗಬೇಡಿ. ನಿಮಗೆ ಇನ್ನೊಂದು ದಾರಿ ಹೇಳುತ್ತೇನೆ. ರಾತ್ರಿ ಹೋಗಿ. ಫೋನನ್ನು ಅಲುಗಾಡದ ಹಾಗೆ ಸ್ಟ್ಯಾಂಡಿನ ಮೇಲೆ ಶಾಸನದ ಎದುರಿಗೆ ನಿಲ್ಲಿಸಿ. ಒಬ್ಬರು ಟಾರ್ಚನ್ನು ಗೋಡೆಗೆ ತಾಗುವಷ್ಟು ಪಕ್ಕದಿಂದ ಓರೆಯಾಗಿ ಹಿಡಿಯಲಿ. ಹಗಲು ಏನೂ ಕಾಣದ ಕಲ್ಲಿನ ಮೇಲೆ ಅಕ್ಷರಗಳು ಎದ್ದು ನಿಲ್ಲುತ್ತವೆ. ಮೊದಲ ಸಲ ನೋಡಿದಾಗ ನನ್ನ ಮೈ ಜುಮ್ ಅಂದಿತ್ತು, ಈಗಲೂ ಅನ್ನುತ್ತದೆ.

ಇದನ್ನೇ ಇನ್ನಷ್ಟು ಶಿಸ್ತಾಗಿ ಮಾಡಿದರೆ ಆರ್‌ಟಿಐ. ಮಾಹಿತಿ ಹಕ್ಕಿನ ಅರ್ಜಿ ಅಲ್ಲ, ಇದು ಬೇರೆ ಆರ್‌ಟಿಐ, ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫಾರ್ಮೇಶನ್ ಇಮೇಜಿಂಗ್! ಕ್ಯಾಮೆರಾ ಒಂದೇ ಕಡೆ, ಬೆಳಕು ಮಾತ್ರ 40–50 ದಿಕ್ಕಿನಿಂದ, ಪ್ರತಿ ದಿಕ್ಕಿಗೂ ಒಂದು ಫೋಟೋ. ಪಕ್ಕದಲ್ಲಿ ಹೊಳೆಯುವ ಒಂದು ಕಪ್ಪು ಗೋಲಿ ಇಟ್ಟಿರುತ್ತಾರೆ, ಅದರ ಮೇಲಿನ ಮಿಂಚು ನೋಡಿ ಬೆಳಕು ಯಾವ ಕಡೆಯಿಂದ ಬಂತು ಅಂತ ಸಾಫ್ಟ್‌ವೇರ್ ಕಂಡುಹಿಡಿಯುತ್ತದೆ. ಆಮೇಲೆ ಮನೆಯಲ್ಲಿ ಕೂತು ಮೌಸ್ ಆಡಿಸಿದರೆ ಕಲ್ಲಿನ ಮೇಲೆ ಟಾರ್ಚ್ ಆಡಿಸಿದ ಹಾಗೆ. 2001ರಲ್ಲಿ ಎಚ್‌ಪಿ ಕಂಪನಿಯ ಪ್ರಯೋಗಾಲಯದಲ್ಲಿ ಟಾಮ್ ಮಾಲ್ಜ್‌ಬೆಂಡರ್ ಮತ್ತು ಜೊತೆಗಾರರು ಶುರು ಮಾಡಿದ ವಿದ್ಯೆ ಇದು. ಬೆಂಗಳೂರಿನ ಮಿಥಿಕ್ ಸೊಸೈಟಿ ಅನ್ನುವ ಸಂಶೋಧನಾ ಸಂಸ್ಥೆಯವರು 2021ರಿಂದ ಇನ್ನೊಂದು ದಾರಿ ಹಿಡಿದಿದ್ದಾರೆ. ಊರೂರು ತಿರುಗಿ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಇಡುತ್ತಿದ್ದಾರೆ. ರಸ್ತೆ ಅಗಲ ಮಾಡುವಾಗ, ಸೈಟ್ ಹಾಕುವಾಗ ಕಲ್ಲು ಕಾಣೆಯಾದರೂ ಅದರ ಬರಹ ಉಳಿಯುತ್ತದೆ.

ಗುಡ್ಡದ ಬಂಡೆಗಳಲ್ಲಿ ಕೆಂಪು ಬಣ್ಣದ ಚಿತ್ರ ಏನಾದರೂ ಇದೆಯಾ? ನೀವು ಬರೆದಿಲ್ಲ, ಆದರೆ ಆನೆಗುಂದಿ ಹತ್ತಿರದ ಒನಕೆ ಕಿಂಡಿಯಲ್ಲಿವೆ, ಹಿರೇಬೆಣಕಲ್ ಗುಡ್ಡದಲ್ಲೂ ಇವೆ, ನಿಮ್ಮಲ್ಲೂ ಇದ್ದರೆ ಇರಬಹುದು. ಇದ್ದರೆ ಚಿತ್ರ ಚೆನ್ನಾಗಿ ಕಾಣಲಿ ಅಂತ ನೀರು ಎರಚಬೇಡಿ. ಸುಮ್ನೆ ಫೋಟೋ ತೆಗೆಯಿರಿ. ಡಿಸ್ಟ್ರೆಚ್ ಅನ್ನುವ ಒಂದು ಸಣ್ಣ ಸಾಫ್ಟ್‌ವೇರ್ ಇದೆ, ಮಾಸಿದ ಬಣ್ಣವನ್ನು ಬಂಡೆಯ ಬಣ್ಣದಿಂದ ಬೇರ್ಪಡಿಸಿ ತೋರಿಸುತ್ತದೆ. ಬರಿಗಣ್ಣಿಗೆ ಬರೀ ಕಲೆಯಂತೆ ಕಂಡಿದ್ದು ಅದರಲ್ಲಿ ಹೋರಿ ಆಗಿ ನಿಲ್ಲುವುದುಂಟು.

ಕಣ್ಣಿಗೆ ಕಾಣುವುದಷ್ಟೇ ದಾಖಲೆ ಅಂದುಕೊಳ್ಳಬೇಡಿ. ಬಳ್ಳಾರಿ ಹತ್ತಿರ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನ ಕಪ್ಪು ಬಂಡೆಯ ಮೇಲೆ ಹೋರಿಗಳನ್ನು ಕುಟ್ಟಿ ಬಿಡಿಸಿದ್ದಾರೆ. ಅಲ್ಲಿನ ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ಠಣ್ ಅನ್ನುತ್ತವೆ. ಆ ಸದ್ದು ಫೋಟೋದಲ್ಲಿ ಬರುತ್ತದಾ? ಗುಡ್ಡದ ಪಕ್ಕದಲ್ಲೇ ಕಲ್ಲು ಗಣಿಗಾರಿಕೆ ನಡೆದ ಜಾಗ ಅದು. ಬಂಡೆ ಹೋದರೆ ಸದ್ದೂ ಹೋಯಿತು. ನಿಮ್ಮೂರಲ್ಲೂ ಕೇಳಿ ದಾಖಲಿಸುವಂಥದ್ದು ಇದ್ದೇ ಇರುತ್ತದೆ. ಹುಡೇವು ಅಂದರೆ ಕಾವಲು ಬುರುಜಿನ ಬಗ್ಗೆ, ಊರಬಾಗಿಲ ಅಗಸಿಯ ಬಗ್ಗೆ, ಯಾವ ಹೊಲಕ್ಕೆ ಯಾಕೆ ಆ ಹೆಸರು ಬಂತು ಅನ್ನುವ ಬಗ್ಗೆ ಹಿರಿಯರು ಆಡುವ ಮಾತು. ಅವರನ್ನು ಕೇಳಿ, ಒಪ್ಪಿದರೆ ರೆಕಾರ್ಡ್ ಮಾಡಿ. "ಅಲ್ಲೇನೈತಿ ತಮ್ಮಾ, ಬರೇ ಕಲ್ಲು" ಅಂತಲೇ ಶುರು ಮಾಡುತ್ತಾರೆ. ಎರಡು ಚಹಾ ಆಗುವಷ್ಟರಲ್ಲಿ ಇಡೀ ಕೋಟೆ ಎದ್ದು ನಿಂತಿರುತ್ತದೆ. ಅದರಲ್ಲಿ ಎಷ್ಟು ಇತಿಹಾಸ, ಎಷ್ಟು ಕಟ್ಟುಕಥೆ ಅನ್ನುವುದನ್ನು ಆಮೇಲೆ ನೋಡೋಣ.

ಡ್ರೋನ್ ವಿಚಾರ. ನಿಮ್ಮ ಕೋಟೆಗೆ ಅದು ಉಪಯೋಗ. ನೆಲದಲ್ಲಿ ನಿಂತರೆ ಗೋಡೆಯ ಸಾಲು ಪೊದೆಯಲ್ಲಿ ಮುಳುಗಿರುತ್ತದೆ, ಮೇಲಿನಿಂದ ಇಡೀ ನಕ್ಷೆ ಕಾಣುತ್ತದೆ. ಆದರೆ ಮೂರು ಮಾತು. ಸಂರಕ್ಷಿತ ಸ್ಮಾರಕದ ಮೇಲೆ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. 250 ಗ್ರಾಂಗಿಂತ ತೂಕದ ಡ್ರೋನ್ ಆದರೆ 2021ರ ಡ್ರೋನ್ ನಿಯಮಗಳ ಪ್ರಕಾರ ನೋಂದಣಿ, ಹಾರಿಸುವವರಿಗೆ ಅರ್ಹತೆ ಎಲ್ಲ ನೋಡಬೇಕು, ಬಾಡಿಗೆಗೆ ಕೊಡುವವರನ್ನು ಬಾಯಿಬಿಟ್ಟು ಕೇಳಿ. ಮೂರನೆಯದು ಯಾವ ನಿಯಮದಲ್ಲೂ ಬರೆದಿಲ್ಲ, ಹೆಜ್ಜೇನು. ಕೋಟೆಯ ಬಂಡೆಗೆ, ಗುಡಿಯ ಶಿಖರಕ್ಕೆ ಹುಟ್ಟು ಕಟ್ಟಿದ್ದರೆ ಡ್ರೋನಿನ ಸದ್ದಿಗೆ ಎದ್ದು ಬರುತ್ತವೆ. ನಾನು ಒಮ್ಮೆ ಗುಡ್ಡದಿಂದ ಕೆಳಗೆ ಓಡಿದ್ದೇನೆ, ರಿಮೋಟ್ ಕೈಯಲ್ಲಿತ್ತು, ಡ್ರೋನ್ ಎಲ್ಲಿತ್ತೋ ಆ ಹನುಮಪ್ಪನೇ ಬಲ್ಲ.

ಅನುಮತಿ ಅಂದೆನಲ್ಲ, ಅದಕ್ಕೂ ಮೊದಲು ಗುಡಿ ಯಾರ ಲೆಕ್ಕದಲ್ಲಿದೆ ಅಂತ ತಿಳಿದುಕೊಳ್ಳಿ. ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯದಾ, ರಾಜ್ಯದ ಪುರಾತತ್ವ ಇಲಾಖೆಯದಾ, ಮುಜರಾಯಿಯದಾ, ಇಲ್ಲಾ ಯಾರದ್ದೂ ಅಲ್ಲವಾ. ತಾಲೂಕು ಕಚೇರಿಯಲ್ಲಿ ಕೇಳಿದರೆ ದಾರಿ ಸಿಗುತ್ತದೆ. ಕೇಂದ್ರದ ಪಟ್ಟಿಯಲ್ಲಿದ್ದರೆ ಸುತ್ತ 100 ಮೀಟರಿನಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು. ಸಿನಿಮಾ, ವಿಡಿಯೋ ಚಿತ್ರೀಕರಣಕ್ಕೆ ಅವರದೇ ಆನ್‌ಲೈನ್ ಪೋರ್ಟಲ್ 2023ರಲ್ಲಿ ಬಂದಿದೆ, ಅಲ್ಲಿ ಅರ್ಜಿ ಹಾಕಬಹುದು.

ಈಗ ಮೂರು ಲಕ್ಷದ ಆ್ಯಪ್. ಕೊಡಬೇಡಿ. ನಾನೇ ಇದರಲ್ಲಿ ಕೈ ಸುಟ್ಟುಕೊಂಡವನು. ಕೆಲವು ವರ್ಷದ ಹಿಂದೆ ಒಂದು ಕೋಟೆಗೆ ಆ್ಯಪ್ ಮಾಡಿಸುವ ತಂಡದಲ್ಲಿದ್ದೆ. ಉದ್ಘಾಟನೆ ಜೋರಾಗಿತ್ತು, ಶಾಲು, ಹಾರ, ಫೋಟೋ ಎಲ್ಲ ಆಯಿತು. ಎರಡನೆಯ ವರ್ಷ ಸರ್ವರ್‌ನ ದುಡ್ಡು ಯಾರು ಕಟ್ಟಬೇಕು ಅಂತ ಮಾತು ಬಂತು. ಮಾಡಿಕೊಟ್ಟವರು ಗುತ್ತಿಗೆ ಮುಗಿಯಿತು ಅಂದರು, ಮಾಡಿಸಿಕೊಂಡವರು ಬಜೆಟ್ ಇಲ್ಲ ಅಂದರು. ಹೊಸ ಫೋನುಗಳಲ್ಲಿ ಆ್ಯಪ್ ತೆರೆಯುವುದೇ ನಿಂತಿತು. ಕೋಟೆಯ ಗೋಡೆಗೆ ಹಚ್ಚಿದ ಕ್ಯೂಆರ್ ಕೋಡ್ ಬಿಸಿಲಿಗೆ ಬೆಳ್ಳಗಾಗಿ, ಈಗ ಅಲ್ಲಿ ಒಂದು ಖಾಲಿ ಚೌಕ ಇದೆ ಅಷ್ಟೇ. ಮೂಲ ಫೋಟೋ ಕೊಡಿ ಅಂತ ಕೇಳಿದರೆ ಅದು ನಮ್ಮ ಆಸ್ತಿ ಅಂದರು. ಹೊಟ್ಟೆ ಉರಿದದ್ದು ದುಡ್ಡಿಗಿಂತ ಇದಕ್ಕೆ.

ವಿಆರ್ ಕೆಟ್ಟದ್ದು ಅಂತಲ್ಲ. ಬಳ್ಳಾರಿ ಜಿಲ್ಲೆ ತೋರಣಗಲ್ಲಿನ ಕಲಾಧಾಮ ಅನ್ನುವ ಕಲಾ ಕೇಂದ್ರಕ್ಕೆ ಆರೂ ಜನ ಒಮ್ಮೆ ಹೋಗಿ ಬನ್ನಿ. ಹಂಪಿಯನ್ನು ಸುತ್ತಲೂ 360 ಡಿಗ್ರಿಯಲ್ಲಿ, ಕಣ್ಣಿಗೆ ಆಳ ಕಾಣುವ ಹಾಗೆ ಅಲ್ಲಿ ತೋರಿಸಿದ್ದಾರೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯೂ ಹಂಪಿಯನ್ನೇ ಆರಿಸಿಕೊಂಡು ದೊಡ್ಡ ಡಿಜಿಟಲ್ ಪರಂಪರೆ ಯೋಜನೆ ನಡೆಸಿತು, ಐಐಟಿಗಳ ಜೊತೆ ಹುಬ್ಬಳ್ಳಿಯ ಬಿವಿಬಿ ಕಾಲೇಜಿನವರೂ ಅದರಲ್ಲಿದ್ದರು. ಅದೆಲ್ಲ ದೊಡ್ಡ ಕೈಗಳ ಕೆಲಸ. ಅದನ್ನು ವರ್ಷವರ್ಷ ನಡೆಸಲು ಕಟ್ಟಡ ಇದೆ, ಸಂಬಳ ಇದೆ, ಕರೆಂಟ್ ಇದೆ. ನಿಮ್ಮ ಪಂಚಾಯ್ತಿಗೆ ಬೀದಿ ದೀಪದ ಬಿಲ್ ಕಟ್ಟುವುದೇ ಕಷ್ಟ ಇರುವಾಗ ಸರ್ವರ್ ಯಾರು ಸಾಕುತ್ತಾರೆ? ನೀವು ತೆಗೆದ ಒಳ್ಳೆಯ 50 ಫೋಟೋಗಳನ್ನು ವಿಕಿಪೀಡಿಯದವರ ಉಚಿತ ಚಿತ್ರಭಂಡಾರ ವಿಕಿಮೀಡಿಯಾ ಕಾಮನ್ಸ್‌ಗೆ ಹಾಕಿ, ಕನ್ನಡ ವಿಕಿಪೀಡಿಯದಲ್ಲಿ ಊರಿನ ಪುಟ ತಿದ್ದಿ. ಖರ್ಚು ಸೊನ್ನೆ. ಯಾವ ಕಂಪನಿ ಮುಚ್ಚಿದರೂ ಅದು ಅಲ್ಲೇ ಇರುತ್ತದೆ.

ಆದರೆ ತಾಳಿ, ಎಲ್ಲವನ್ನೂ ಹಾಕಬೇಡಿ. ಊರ ಹೆಸರು ಬೇಡ ಅಂದಿರಲ್ಲ, ನೀವು ಯಾಕೆ ಅಂದಿರೋ ಗೊತ್ತಿಲ್ಲ, ನನಗೆ ಅದು ಬಹಳ ಹಿಡಿಸಿತು. ನಮ್ಮ ಕಡೆ ನಿಧಿಗಳ್ಳರ ಕಾಟ ನಿಮಗೆ ಗೊತ್ತು. 2019ರ ಜುಲೈನಲ್ಲಿ ಆನೆಗುಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿಗಾಗಿ ಒಡೆದುಹಾಕಿದ್ದರು. ನದಿ ನಡುವಿನ ನಡುಗಡ್ಡೆಯಲ್ಲಿರುವ, ದಿನಾ ಪೂಜೆ ನಡೆಯುವ ಜಾಗಕ್ಕೇ ಹಾಗಾದರೆ ಕಾವಲಿಲ್ಲದ ನಿಮ್ಮ ಗುಡ್ಡದ ಗತಿ ಏನು? ಫೋನಿನಲ್ಲಿ ತೆಗೆದ ಪ್ರತಿ ಫೋಟೋದ ಒಳಗೂ ಜಾಗದ ಗುರುತು ಕೂತಿರಬಹುದು. ನಿಮ್ಮ ದಾಖಲೆಗೆ ಅದು ಬೇಕೇ ಬೇಕು, ಹೊರಗೆ ಹಾಕುವ ಪ್ರತಿಯಲ್ಲಿ ಅದನ್ನು ತೆಗೆದುಹಾಕಿ. ದೊಡ್ಡ ಗುಡಿ ಎಲ್ಲರಿಗೂ ಗೊತ್ತಿರುವಂಥದ್ದು, ಅದನ್ನು ಮ್ಯಾಪಿನಲ್ಲಿ ಗುರುತಿಸಿ, ಪರವಾಗಿಲ್ಲ. ಹೊಲದಲ್ಲಿ ಒಂಟಿಯಾಗಿ ನಿಂತ ವೀರಗಲ್ಲು, ಪೊದೆಯೊಳಗಿನ ಮೂರ್ತಿ, ಇವುಗಳ ಜಾಗ ನೋಟ್‌ಬುಕ್ಕಿನಲ್ಲಿ ಇರಲಿ, ಒಂದು ಪ್ರತಿ ಇಲಾಖೆಗೆ ಹೋಗಲಿ, ರೀಲ್ಸ್‌ಗೆ ಬೇಡ.

ರೀಲ್ಸ್ ಅಂದಾಗ ನೆನಪಾಯಿತು. 2019ರಲ್ಲಿ ಹಂಪಿಯ ಆನೆಲಾಯದ ಹಿಂದಿನ ವಿಷ್ಣು ಗುಡಿಯ ಹತ್ತಿರ ಕೆಲವು ಹುಡುಗರು ಕಲ್ಲಿನ ಕಂಬ ತಳ್ಳಿ ಬೀಳಿಸಿದ ವಿಡಿಯೋ ಹರಿದಾಡಿತ್ತು. ವಿಡಿಯೋ ತೆಗೆದವರೂ ಅವರೇ, ಸಿಕ್ಕಿಬಿದ್ದದ್ದೂ ಅದೇ ವಿಡಿಯೋದಿಂದ. ಕೋರ್ಟು ತಲಾ 70,000 ರೂಪಾಯಿ ದಂಡ ಹಾಕಿ, ಕಂಬಗಳನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸುವಂತೆ ಮಾಡಿತು. ನಿಮ್ಮೂರಿಗೆ ಜನ ಬರಲಿ ಅನ್ನುವಾಗ ಇಂಥವರೂ ಬರುತ್ತಾರೆ ಅನ್ನುವುದು ಲೆಕ್ಕದಲ್ಲಿರಲಿ. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ಗುಡಿಯ ಮುಂದಿನ ಸಾಲುಮಂಟಪದ ಒಂದು ಭಾಗ ಕುಸಿದಿದ್ದು ನೆನಪಿದೆಯಾ? ಬಿದ್ದ ಕಂಬವನ್ನು ಮತ್ತೆ ನಿಲ್ಲಿಸುವವರಿಗೆ ಮೊದಲು ಬೇಕಾಗುವುದು, ಯಾವ ಕಂಬ ಯಾವ ಕಡೆ ಮುಖ ಮಾಡಿ ಎಲ್ಲಿತ್ತು ಅನ್ನುವ ಅಳತೆ. ಪ್ಯಾರಿಸ್ಸಿನ ನೋಟ್ರ್ ಡಾಮ್ ಚರ್ಚು 2019ರ ಏಪ್ರಿಲ್‌ನಲ್ಲಿ ಸುಟ್ಟಾಗ, ಆಂಡ್ರೂ ಟಾಲನ್ ಅನ್ನುವ ಕಲಾ ಇತಿಹಾಸಕಾರರು 2010ರಲ್ಲಿ ತಮ್ಮ ಪಾಠಕ್ಕೆ, ಸಂಶೋಧನೆಗೆ ಅಂತ ಮಾಡಿದ್ದ ಲೇಸರ್ ಸ್ಕ್ಯಾನ್ ಮತ್ತೆ ಕಟ್ಟುವವರ ಕೈಗೆ ಬಂತು. ಬೆಂಕಿ ಬೀಳುತ್ತದೆ ಅಂತ ಅವರು ಸ್ಕ್ಯಾನ್ ಮಾಡಿರಲಿಲ್ಲ.

ಪ್ರವಾಸಿಗರ ವಿಷಯಕ್ಕೆ ನೇರವಾಗಿ ಹೇಳುತ್ತೇನೆ. ಇಟಗಿಗೆ ಬಂದವರು ನಿಮ್ಮೂರಿಗೆ ಬರದಿರುವುದಕ್ಕೆ ತ್ರೀಡಿ ಇಲ್ಲದಿರುವುದು ಕಾರಣ ಅಲ್ಲ. ಮುಖ್ಯ ರಸ್ತೆಯಲ್ಲಿ ಬೋರ್ಡ್ ಇದೆಯಾ? ಮ್ಯಾಪಿನಲ್ಲಿ ಗುಡಿಯ ಹೆಸರು ಕನ್ನಡದಲ್ಲಿ ಸರಿಯಾಗಿ ಇದೆಯಾ? ಬಾಗಿಲ ಕೀಲಿ ಯಾರ ಹತ್ತಿರ? ಪೂಜಾರಪ್ಪ ಸಂತೆಗೆ ಹೋದ ದಿನ ಬಂದವರು ಏನು ಮಾಡಬೇಕು? ಹೆಣ್ಣುಮಕ್ಕಳಿಗೆ ಶೌಚಾಲಯ, ಕುಡಿಯುವ ನೀರು, ಕೂರಲು ಒಂದು ಮರದ ನೆರಳು ಇದೆಯಾ? ಹಿರೇಬೆಣಕಲ್ ನೋಡಿ. ಕಬ್ಬಿಣ ಯುಗದ ಸುಮಾರು 400 ಕಲ್ಮನೆ, ಸಮಾಧಿಗಳು, ನಗಾರಿಯಂತೆ ಕಾಣುವ ಬಂಡೆ, 2021ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲೂ ಹೆಸರಿದೆ. ಮೋರ್ಯರ ಗುಡ್ಡ ಅಂತ ಸುತ್ತಲಿನ ಜನ ಕರೆಯುವ ಆ ಜಾಗದ ಫೋಟೋ ನೋಡಿ ಮರುಳಾಗದವರಿಲ್ಲ, ಆದರೆ ಹಂಪಿಗೆ ಬಂದ ಜನದಲ್ಲಿ ಆ ಗುಡ್ಡ ಹತ್ತುವವರು ಬೆರಳೆಣಿಕೆ. ದಾರಿ ಗೊತ್ತಿಲ್ಲ, ನೀರಿಲ್ಲ, ಜೊತೆಗೆ ಬರುವವರು ಬೇಕು. ಅಲ್ಲಿಗೆ ಊರಿನ ಒಬ್ಬ ಹುಡುಗ ಜೊತೆಗೆ ಬಂದು ಕಥೆ ಹೇಳುತ್ತಾ ನಡೆಸಿದರೆ ಸಿಗುವ ಸುಖ ಯಾವ ಕನ್ನಡಕ ಹಾಕಿದರೂ ಸಿಗುವುದಿಲ್ಲ. ನಿಮ್ಮ ಆರು ಜನರಲ್ಲಿ ಇಬ್ಬರು ಗೈಡ್ ಆಗಿ. ಗುಡಿ ನೋಡಿ ಬಂದವರಿಗೆ ಒಗ್ಗರಣಿ, ಮಿರ್ಚಿ, ಚಹಾ ಸಿಗುವ ಹಾಗೆ ಯಾರದ್ದಾದರೂ ಮನೆಯಲ್ಲಿ ಏರ್ಪಾಡು ಮಾಡಿ. ಕ್ಯೂಆರ್ ಕೋಡ್ ಬೇಕೇ ಬೇಕು ಅಂದರೆ ಲೋಹದ ಫಲಕದ ಮೇಲೆ, ಗುಡಿಯಿಂದ ದೂರ ಕಂಬ ನೆಟ್ಟು ಹಾಕಿ, ಗೋಡೆಗೆ ಮೊಳೆ ಹೊಡೆಯಬೇಡಿ. ಅದರ ಕೆಳಗೆ ಅದೇ ಮಾಹಿತಿ ಹತ್ತು ಸಾಲು ಕನ್ನಡದಲ್ಲಿ ಬರೆಸಿ, ನೆಟ್‌ವರ್ಕ್ ಬರುವುದಿಲ್ಲ ನಿಮ್ಮಲ್ಲಿ.

ದಾಖಲೆ ಇಡುವುದು ಹೇಗೆ ಅನ್ನುವುದನ್ನು ನೀವು ಕೇಳಲಿಲ್ಲ, ಯಾರೂ ಕೇಳುವುದಿಲ್ಲ. ಮಸ್ಕಿಯ ಬಂಡೆಯ ಮೇಲೆ ಅಶೋಕ ಬರೆಸಿದ್ದು ಸುಮಾರು 2,200 ವರ್ಷ ಉಳಿದಿತ್ತು, 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿತ್ತು. ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಹೆಸರು ಸಮೇತ ಮೊದಲು ಸಿಕ್ಕಿದ್ದು ಅಲ್ಲೇ. ಕೊಪ್ಪಳದಲ್ಲೇ ಗವಿಮಠ, ಪಾಲ್ಕಿಗುಂಡು ಎರಡು ಕಡೆ ಅವನ ಶಾಸನ ಇವೆ. ಅದೇ ನನ್ನ ಹಾರ್ಡ್ ಡಿಸ್ಕ್ ಐದನೆಯ ವರ್ಷಕ್ಕೆ ಕಟಕಟ ಸದ್ದು ಮಾಡಿ ಸತ್ತಿತು, ಮುದಗಲ್ ಕೋಟೆಯ ಒಂದಿಡೀ ಚಳಿಗಾಲದ ಕೆಲಸ ಅದರೊಳಗೆ ಇತ್ತು. ಇಂಗ್ಲೆಂಡಿನವರು 1986ರಲ್ಲಿ ಇಡೀ ದೇಶದ ಮಾಹಿತಿಯನ್ನು ಲೇಸರ್ ಡಿಸ್ಕಿಗೆ ತುಂಬಿಸಿಟ್ಟರು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅದನ್ನು ಓದುವ ಯಂತ್ರ ಸಿಗುವುದೇ ಕಷ್ಟ ಆಗಿತ್ತು. ಹಾಗಾಗಿ ಮೂರು ಪ್ರತಿ ಇಡಿ. ಎರಡು ಬೇರೆಬೇರೆ ಹಾರ್ಡ್ ಡಿಸ್ಕಿನಲ್ಲಿ, ಆ ಡಿಸ್ಕುಗಳು ಬೇರೆಬೇರೆ ಮನೆಯಲ್ಲಿ, ಮೂರನೆಯದು ಆನ್‌ಲೈನ್. ವರ್ಷಕ್ಕೊಮ್ಮೆ, ದಸರಾ ಆಯುಧ ಪೂಜೆಯ ದಿನ ಅಂತಲೇ ಇಟ್ಟುಕೊಳ್ಳಿ, ತೆರೆದು ನೋಡಿ. ನೋಟ್‌ಬುಕ್ಕಿನ ಎರಡು ಜೆರಾಕ್ಸ್ ಮಾಡಿಸಿ ಒಂದನ್ನು ಶಾಲೆಯ ಲೈಬ್ರರಿಗೆ ಕೊಡಿ. ಎಲ್ಲ ಡಿಸ್ಕ್ ಸತ್ತರೂ ಆ ಕಾಗದ ಉಳಿಯುವ ಸಾಧ್ಯತೆ ಜಾಸ್ತಿ.

ಅದೇ ದಿನ ಗುಡಿಯ ನಾಲ್ಕು ಮೂಲೆ, ಶಾಸನ, ಪ್ರತಿ ವೀರಗಲ್ಲು, ಕೋಟೆ ಬಾಗಿಲು ಇಷ್ಟನ್ನು ಪ್ರತಿ ವರ್ಷ ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆಯಿರಿ. ಎಲ್ಲಿ ನಿಂತೆವು ಅನ್ನುವುದನ್ನು ಬೇವಿನ ಮರದಿಂದ ಪೂರ್ವಕ್ಕೆ ಏಳು ಹೆಜ್ಜೆ ಅಂತ ಪುಸ್ತಕದಲ್ಲಿ ಬರೆದಿಡಿ, ಮರ ಹೋದರೂ ಸಿಗುವ ಹಾಗೆ ಇನ್ನೊಂದು ಗುರುತೂ ಇರಲಿ.

ಕೊನೆಗೆ ಯುಗಾದಿಯ ಬಣ್ಣ. ನಿಜಕ್ಕೂ ಅವಸರದ ಕೆಲಸ ಇದೊಂದೇ. ಆಯಿಲ್ ಪೇಂಟ್ ಹೊಡೆದರೆ ಕಲ್ಲಿನೊಳಗಿನ ತೇವ ಹೊರಬರಲು ದಾರಿ ಇರುವುದಿಲ್ಲ, ಕೆಲವು ವರ್ಷದಲ್ಲಿ ಬಣ್ಣದ ಜೊತೆ ಕೆತ್ತನೆಯ ಮೇಲ್ಪದರವೂ ಸಿಪ್ಪೆಯಂತೆ ಏಳುತ್ತದೆ. ಆಮೇಲೆ ಅದನ್ನು ತೆಗೆಯುವುದು ಹೊಡೆದಷ್ಟು ಸುಲಭ ಅಲ್ಲ. ಗುಡಿ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಇಲಾಖೆಗೆ ಒಂದು ಅರ್ಜಿ ಕೊಡಿ, ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಜಗಳಕ್ಕೆ ನಿಲ್ಲಬೇಡಿ, ಭಕ್ತಿಯಿಂದ ಮಾಡುತ್ತಿದ್ದಾರೆ ಅವರು. ಹೊಸದಾಗಿ ಕಟ್ಟಿದ ಕಾಂಪೌಂಡು, ಸಿಮೆಂಟಿನ ಮಂಟಪ, ಧ್ವಜದ ಕಟ್ಟೆ ಇವಕ್ಕೆ ಎಷ್ಟು ಬೇಕಾದರೂ ಬಣ್ಣ ಹೊಡೆಯೋಣ, ನಾವೂ ಕೈಜೋಡಿಸುತ್ತೇವೆ, ಹಳೆ ಕಲ್ಲು ಬಿಡೋಣ ಅಂತ ಮಾತಾಡಿ. ಅಷ್ಟೂ ಆಗದಿದ್ದರೆ ಶಾಸನದ ಗೋಡೆಯನ್ನಾದರೂ ಬಿಡಿಸಿಕೊಳ್ಳಿ.

ಮಾತಾಡುವ ಮೊದಲು ಒಂದು ರಾತ್ರಿ ಕಮಿಟಿಯ ಹಿರಿಯರನ್ನು ಶಾಸನದ ಹತ್ತಿರ ಕರೆದುಕೊಂಡು ಹೋಗಿ ಟಾರ್ಚನ್ನು ಓರೆಯಾಗಿ ಹಿಡಿದು ತೋರಿಸಿ. ವಯಸ್ಸಾದವರು, ಕೂರಲು ಎರಡು ಕುರ್ಚಿ ಒಯ್ಯಿರಿ. ಫೋನ್ ಸ್ಟ್ಯಾಂಡ್ ಹೇಗೂ ತಂದಿರುತ್ತೀರಲ್ಲ, ಅವರು ನೋಡುತ್ತಿರುವಾಗಲೇ ಆರ್‌ಟಿಐಗೆ ಬೇಕಾದ ಆ 40–50 ಫೋಟೋಗಳನ್ನೂ ತೆಗೆದು ಮುಗಿಸಿ.